ಗೇಟು ತೆಗೆದ ಪೇದೆ

ನನ್ನ ಹೊಲಿಗೆ ಅಂಗಡಿಗೂ ಅವನ ಸೆಲೂನಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ ಮಾತ್ರ. ಮಾಲೀಕರು ಒಂದೇ ಮಳಿಗೆಯನ್ನು ಎರಡು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಹಲಗೆಯ ಈ ಕಡೆ ನನ್ನ ಮಷಿನು, ಇಸ್ತ್ರಿ ಮೇಜು, ಶಾಲೆ ಮಕ್ಕಳ ಯೂನಿಫಾರಂ ಬಟ್ಟೆಯ ಥಾನುಗಳು. ಆ ಕಡೆ ಎರಡು ಕುರ್ಚಿ, ಉದ್ದದ ಕನ್ನಡಿ, ಕಾಯುವವರಿಗೊಂದು ಬೆಂಚು. ನಾನು ಚಿತ್ರಮಂದಿರದ ಮೆಟ್ಟಿಲು ಹತ್ತಿದವಳಲ್ಲ. ಆದರೂ ಪೊಲೀಸರು ರೌಡಿಗಳನ್ನು ಅಟ್ಟಿಸಿಕೊಂಡು ಹೋಗುವ ಸಿನಿಮಾಗಳು ನನಗೆ ಗೊತ್ತಿರುವಷ್ಟು ನಮ್ಮ ಬೀದಿಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ. ಎಲ್ಲವೂ ಆ ಹಲಗೆಯನ್ನು ದಾಟಿ ಬಂದು ನನ್ನ ಕಿವಿಗೆ ಬಿದ್ದವು.

ಬೀದಿಯವರು ಅವನನ್ನು ಇಂಟರ್ವಲ್ ಎಂದು ಕರೆಯುತ್ತಿದ್ದರು. ಅದಕ್ಕೆ ಕಾರಣ ಅವನು ಕೆಲಸ ಮಾಡುವ ರೀತಿ. ಹೊಸ ಪೊಲೀಸ್ ಸಿನಿಮಾ ಬಂದ ದಿನವೇ ಅಂಗಡಿಗೆ ಬೀಗ ಹಾಕಿ ನೋಡಿಕೊಂಡು ಬರುತ್ತಿದ್ದ. ಮರುದಿನದಿಂದ ಕುರ್ಚಿಯಲ್ಲಿ ಕೂತವರಿಗೆಲ್ಲ ಅದೇ ಕಥೆ. ಮುಖಕ್ಕೆ ನೊರೆ ಹಚ್ಚುವಾಗ ಕಥೆ ಶುರುವಾಗುತ್ತಿತ್ತು. ಕೆನ್ನೆ ಮುಗಿದು ಕತ್ತಿ ಗಂಟಲಿಗೆ ಇಳಿಯುವ ಹೊತ್ತಿಗೆ ಕಥೆಯಲ್ಲಿ ಯಾರೋ ಯಾರದೋ ಹಣೆಗೆ ಪಿಸ್ತೂಲು ಇಟ್ಟಿರುತ್ತಿದ್ದರು. ಅಲ್ಲಿಗೆ ಇಂಟರ್ವಲ್. ಟವೆಲು ಕೊಡವಿ, "ಉಳಿದದ್ದು ಮುಂದಿನ ಶೇವಿಂಗ್‌ಗೆ ಸಾರ್" ಎಂದುಬಿಡುತ್ತಿದ್ದ.

"ಅಯ್ಯೋ ಪುಣ್ಯಾತ್ಮ, ಅವನು ಸತ್ನೋ ಬದುಕಿದ್ನೋ ಅಷ್ಟಾದ್ರೂ ಹೇಳೋ!" ಎಂದು ಬ್ಯಾಂಕಿನ ಗುಮಾಸ್ತರು ಅಂಗಲಾಚುವುದು ನನಗೆ ಕೇಳಿಸುತ್ತಿತ್ತು.

"ಗಡ್ಡ ಬೆಳೆಸ್ಕೊಂಡು ಬನ್ನಿ ಸಾರ್, ಹೇಳ್ತೀನಿ."

"ನಿನ್ನ ಕಥೆಗೋಸ್ಕರ ನಾನು ಮುಖಕ್ಕೆ ಗೊಬ್ಬರ ಹಾಕ್ಕೊಳ್ಲಾ?"

ಬೆಂಚಿನ ಮೇಲೆ ಕೂತವರು ಗೊಳ್ಳೆಂದು ನಗುತ್ತಿದ್ದರು. ಗುಮಾಸ್ತರು ಮಾತ್ರ ಗಡ್ಡ ಸರಿಯಾಗಿ ಮೂಡುವ ಮೊದಲೇ ಬಂದು ಕೂರುತ್ತಿದ್ದರು.

ಗುಮಾಸ್ತರನ್ನು ನೋಡಿ ನಗುವ ಹಕ್ಕು ನನಗೂ ಇರಲಿಲ್ಲ. ಸಂಜೆಯ ಪ್ರಾರ್ಥನೆಗೆ ಮಷಿನು ನಿಲ್ಲಿಸಿ ಕಣ್ಣು ಮುಚ್ಚಿದರೆ, ಆ ಕಡೆ ಕಾರೊಂದು ಕಿರ್ರೆಂದು ತಿರುಗುತ್ತಿತ್ತು. ನಾಲಗೆಯ ಮೇಲೆ ದೇವರ ಹೆಸರಿದ್ದರೂ ಕಿವಿ ಹೋಗಿ ಕಥೆಯ ಗೋಡೌನಿನಲ್ಲಿ ಅಡಗಿ ಕೂರುತ್ತಿತ್ತು. ರಕ್ತ, ಕೊಲೆ, ಬೈಗುಳ ಯಾವುದೂ ನನಗೆ ಸೇರದು. ಆದರೂ ಯಾಕೆ ಕೇಳುತ್ತಿದ್ದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮ ಬದುಕಿನಲ್ಲಿ ತಪ್ಪು ಯಾರದು ಎನ್ನುವುದೇ ಎಷ್ಟೋ ಸಲ ಗೊತ್ತಾಗುವುದಿಲ್ಲ. ಗೊತ್ತಾದರೂ ಅದಕ್ಕೊಂದು ಕೊನೆ ಎನ್ನುವುದು ಕಾಣುವುದಿಲ್ಲ. ಅವನ ಕಥೆಗಳಲ್ಲಿ ಹಾಗಲ್ಲ. ಕೆಟ್ಟವನು ಯಾರು ಎಂದು ನಮಗೆ ಮೊದಲೇ ಗೊತ್ತಿರುತ್ತದೆ. ಇನ್‌ಸ್ಪೆಕ್ಟರಿಗೆ ಯಾವಾಗ ಗೊತ್ತಾಗುತ್ತದೆ ಎಂದು ಉಸಿರು ಬಿಗಿಹಿಡಿದು ಕಾಯುವುದಷ್ಟೇ ನಮ್ಮ ಕೆಲಸ. ಗೊತ್ತಾದ ಮೇಲೆ ಅವನು ಸುಮ್ಮನಿರುವವನಲ್ಲ. ಎರಡು ಗಡ್ಡ ಬೋಳಿಸುವಷ್ಟರಲ್ಲಿ ಎಲ್ಲದಕ್ಕೂ ನ್ಯಾಯ ಸಿಕ್ಕಿರುತ್ತಿತ್ತು.

ಕಥೆಯ ಮಧ್ಯೆ ಯಾರೂ ಬಾಯಿ ಹಾಕುವಂತಿರಲಿಲ್ಲ. ಹಾಕಿದರೆ ಇಂಟರ್ವಲ್ ಕೈ ನಿಲ್ಲಿಸಿ, "ಸಾರ್, ಕತ್ತಿ ನನ್ನ ಕೈಲಿದ್ದಾಗ ಮಾತೂ ನಂದೇ" ಎನ್ನುತ್ತಿದ್ದ. ಅದು ತಮಾಷೆಯಾದರೂ ಅದರಲ್ಲಿ ಕಸುಬಿನ ನಿಜವಿತ್ತು. ಕತ್ತಿಯ ಕೆಳಗೆ ಬಾಯಿ ಅಲ್ಲಾಡಿಸಿದರೆ ಕೆನ್ನೆ ಕುಯ್ಯುತ್ತದೆ. ಹೀಗೆ ಅವನು ಜೀವಮಾನವೆಲ್ಲ ಮಾತಾಡಲಾಗದ ಜನರ ಮುಂದೆ ಮಾತಾಡಿದ.

ಅವನ ಕಥೆಯ ಇನ್‌ಸ್ಪೆಕ್ಟರುಗಳೆಲ್ಲ ಒಂದೇ ಥರ ಇರುತ್ತಿದ್ದರು. ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ದಪ್ಪ ಮೀಸೆ, ಮಾತಾಡುವ ಮೊದಲು ಎಡಗೈ ಸೊಂಟಕ್ಕೆ ಹೋಗುವ ಅಭ್ಯಾಸ. ಸಿನಿಮಾದಲ್ಲಿ ಹೇಗಿದ್ದರೋ ದೇವರೇ ಬಲ್ಲ, ಇಂಟರ್ವಲ್ ಹೇಳುವಾಗ ಮಾತ್ರ ಅವರೆಲ್ಲ ಅವನ ಅಣ್ಣನೇ ಆಗುತ್ತಿದ್ದರು. ಅಣ್ಣ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ನಾವೆಲ್ಲ ಅವರನ್ನು ಪೊಲೀಸಣ್ಣ ಎನ್ನುತ್ತಿದ್ದೆವು. ಓಣಿಯ ಕೊನೆಯ ಮನೆಯಲ್ಲಿ, ಮಹಡಿಯ ಮೇಲೆ, ಹೆಂಡತಿಯ ಜೊತೆ ಇದ್ದರು. ಆ ಅತ್ತಿಗೆ ಮತ್ತು ನಾನು ಪ್ರಾರ್ಥನೆಗೆ ಒಟ್ಟಿಗೆ ಹೋಗುವವರು.

ಪೊಲೀಸಣ್ಣ ಮಾತ್ರ ತಮ್ಮನ ಕಥೆ ಒಂದನ್ನೂ ಕೇಳಿದವರಲ್ಲ. ಸೆಲೂನಿಗೆ ಬಂದು ಕೂತರೆ, "ಬಾಯಿ ಮುಚ್ಕೊಂಡು ಮಾಡೋದಾದ್ರೆ ಮಾಡು, ಇಲ್ಲಾಂದ್ರೆ ಗಡ್ಡ ಬಿಟ್ಕೊಂಡು ಸನ್ಯಾಸಿ ಆಗ್ತೀನಿ" ಎನ್ನುತ್ತಿದ್ದರು. ಆ ಒಂದು ಶೇವಿಂಗಿನ ಹೊತ್ತು ಹಲಗೆಯ ಆ ಕಡೆ ಕತ್ತಿಯ ಸರಸರ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಒಮ್ಮೆ ಗುಮಾಸ್ತರು ಕೆಣಕಿದರು: "ಏನು ಪೊಲೀಸಣ್ಣ, ನಿಮ್ಮ ಮೇಲೇ ಒಂದು ಸಿನಿಮಾ ತೆಗೀಬಹುದಲ್ಲ?" ಅವರು ಹೇಳಿದ ಉತ್ತರ ನನಗಿನ್ನೂ ನೆನಪಿದೆ.

"ಸಿನಿಮಾ ತೆಗೆಯೋದು ಓಡೋ ಪೊಲೀಸಿನ ಮೇಲೆ. ನಾನು ನಿಂತ್ಕೊಂಡಿದ್ದ ಪೊಲೀಸು. ನನ್ನ ಕಥೆಗೆ ಟಿಕೆಟ್ ಯಾರಪ್ಪ ತಗೋತಾರೆ?"

ಅವರ ನೌಕರಿಯಲ್ಲಿ ಒಂದು ಗಂಟು ಇತ್ತು. ನಡು ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಅವರನ್ನು ಠಾಣೆಯಿಂದ ತೆಗೆದು ಎಲ್ಲೋ ದೂರದ ಗೋದಾಮಿನ ಕಾವಲಿಗೆ ಹಾಕಿದ್ದರು. ವಿಚಾರಣೆ ನಡೆಯಿತೆಂದೂ ಏನೂ ಸಾಬೀತಾಗಲಿಲ್ಲವೆಂದೂ ಜನ ಆಡಿಕೊಂಡರು. ಯಾವುದರ ವಿಚಾರಣೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಇಂಟರ್ವಲ್ ಆಗಿನ್ನೂ ಕೆಲಸ ಕಲಿಯುತ್ತಿದ್ದ. ದೊಡ್ಡವರ ವಿಷಯ ನನಗ್ಯಾಕೆ ಎಂದು ಬಿಟ್ಟ. ಆಮೇಲೆ ಕೇಳುವ ವಯಸ್ಸು ಬಂದಾಗ ಕೇಳದೇ ಇರುವುದೇ ಅಭ್ಯಾಸವಾಗಿಹೋಗಿತ್ತು.

ಪೊಲೀಸಣ್ಣನಿಗೆ ಎದೆಯ ತೊಂದರೆ ಜಾಸ್ತಿಯಾಗಿ ಮೆಟ್ಟಿಲು ಇಳಿಯಬಾರದೆಂದು ಡಾಕ್ಟರು ಹೇಳಿದ ಮೇಲೆ, ಸೆಲೂನಿಗೆ ವಾರದ ರಜೆ ಇದ್ದ ದಿನ ತಮ್ಮನೇ ಸಾಮಾನಿನ ಪೆಟ್ಟಿಗೆ ಹಿಡಿದು ಮನೆಗೆ ಹೋಗತೊಡಗಿದ. ಅಂಥ ಒಂದು ದಿನ ನಾನೂ ಅಲ್ಲಿದ್ದೆ. ಅತ್ತಿಗೆ ಹೇಳಿದ್ದ ದಿಂಬಿನ ಚೀಲಗಳನ್ನು ಹೊಲಿದು ಒಯ್ದಿದ್ದೆ. ಇಬ್ಬರೂ ಕೋಣೆಯ ಬಾಗಿಲ ಬಳಿ ಕೂತು ಅವನ್ನು ದಿಂಬುಗಳಿಗೆ ಹಾಕುತ್ತಿದ್ದೆವು. ಪೊಲೀಸಣ್ಣ ಕಿಟಕಿ ಪಕ್ಕದ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ ಕೂತಿದ್ದರು. ಕೊರಳಿಗೆ ಟವೆಲು, ಮುಖದ ತುಂಬ ನೊರೆ.

"ಊರಿಗೆಲ್ಲ ಕಥೆ ಹೇಳ್ತೀಯಂತೆ. ನನಗೂ ಒಂದು ಹೇಳೋ," ಎಂದರು.

ಇಂಟರ್ವಲ್‌ನ ಕೈಯಲ್ಲಿದ್ದ ಬ್ರಷ್ಷು ನಿಂತಿತು. "ಯಾವ ಕಥೆ ಅಣ್ಣ?"

"ಯಾವ್ದೋ ಒಂದು. ನಿಂದೇ ಪೊಲೀಸು-ರೌಡಿ ಕಥೆ. ಹೊತ್ತು ಹೋಗ್ಬೇಕಲ್ಲ."

ಅವನ ಮುಖ ಅರಳಿದ್ದನ್ನು ನಾನು ಗೋಡೆಯ ಕನ್ನಡಿಯಲ್ಲಿ ಕಂಡೆ. ಇಷ್ಟು ವರ್ಷ ಊರಿನ ಕಿವಿಗೆಲ್ಲ ಹೇಳಿದವನಿಗೆ ಬೇಕಾಗಿದ್ದ ಕಿವಿ ಇದೊಂದೇ. ತನ್ನಲ್ಲಿದ್ದುದರಲ್ಲೇ ಒಳ್ಳೆಯದನ್ನು ಆರಿಸಿದ. ಆ ಕಥೆಯನ್ನು ನಾನು ಹಲಗೆಯ ಹಿಂದಿನಿಂದ ಎಷ್ಟು ಸಲ ಕೇಳಿದ್ದೆನೋ, ಅವತ್ತು ಹೇಳಿದ ಹಾಗೆ ಮಾತ್ರ ಎಂದೂ ಕೇಳಿರಲಿಲ್ಲ.

ಕಥೆ ಇಷ್ಟು. ಊರನ್ನೇ ಮುಷ್ಟಿಯಲ್ಲಿಟ್ಟುಕೊಂಡ ಒಬ್ಬ ದೊಡ್ಡ ರೌಡಿ. ಅವನ ಕಾರು ಓಡಿಸುತ್ತಿದ್ದ ಡ್ರೈವರ್ ಕೊನೆಗೆ ಹೆದರಿ ಪೊಲೀಸರಿಗೆ ಎಲ್ಲವನ್ನೂ ಹೇಳಲು ಒಪ್ಪುತ್ತಾನೆ. ಬೆಳಿಗ್ಗೆ ನ್ಯಾಯಾಧೀಶರ ಮುಂದೆ ಅವನ ಸಾಕ್ಷಿ. ಇನ್‌ಸ್ಪೆಕ್ಟರು ಅವನನ್ನು ಠಾಣೆಯ ಒಳಕೋಣೆಯಲ್ಲಿ ಕಾಪಾಡಿ ಇಟ್ಟಿದ್ದಾನೆ. ಸುಳ್ಳು ಫೋನೊಂದು ಬಂದು ಇನ್‌ಸ್ಪೆಕ್ಟರು ಹೊರಗೆ ಹೋಗುತ್ತಾನೆ. ಠಾಣೆಯ ಗೇಟಿನಲ್ಲಿ ಒಬ್ಬನೇ ಪೇದೆ.

"ವಯಸ್ಸಾದ ಪೇದೆ ಅಣ್ಣ. ಪಾಪ, ಹೆಂಡತಿ ಮಕ್ಕಳಿರೋ ಮುಖ. ಕರೀ ಕಾರು ಬರುತ್ತೆ, ದೀಪ ಇಲ್ಲ, ಹಾರನ್ ಇಲ್ಲ. ಗೇಟಿನ ಮುಂದೆ ನಿಲ್ಲುತ್ತೆ. ಗ್ಲಾಸು ಇಳಿಯುತ್ತೆ. ಪೇದೆ ಬಗ್ಗಿ ನೋಡ್ತಾನೆ. ತಿರುಗಿ ಠಾಣೆ ಕಡೆ ನೋಡ್ತಾನೆ. ಮತ್ತೆ ಕಾರಿನ ಕಡೆ ನೋಡ್ತಾನೆ. ಜೇಬಿಗೆ ಕೈ ಹಾಕ್ತಾನೆ, ಬೀಗದ ಕೈ ತೆಗೀತಾನೆ…"

ಅವನ ಕೈಯ ಕತ್ತಿ ಅಣ್ಣನ ಗಲ್ಲದ ಕೆಳಗೆ ಬಂದಿತ್ತು.

"ಗೇಟು ತೆಗೆದುಬಿಡ್ತಾನೆ! ಇಂಟರ್ವಲ್!"

ಪೊಲೀಸಣ್ಣ ಕಣ್ಣು ಬಿಟ್ಟರು. "ಕಾರಲ್ಲಿ ಯಾರಿದ್ರು?"

"ಅದನ್ನ ತೋರ್ಸಲ್ಲ. ಪೇದೆ ಮುಖ ಮಾತ್ರ ತೋರಿಸ್ತಾರೆ. ಅದೇ ಮಜಾ."

"ಎಲ್ಲರೂ ಹೆದರ್ಕೊಂಡು ತೆಗೆದ ಅಂದ್ಕೋತಾರೆ." ಪೊಲೀಸಣ್ಣನ ಗಂಟಲು ಕತ್ತಿಯ ಕೆಳಗೆ ಏರಿ ಇಳಿಯಿತು. "ಹೆದರಿಕೆ ಅಲ್ಲ ಕಣೋ. ಒಳಗೆ ಕೂತಿದ್ದೋನು…"

"ಶ್! ಅಣ್ಣ, ಕತ್ತಿ ಗಂಟಲ ಮೇಲಿದೆ!" ಇಂಟರ್ವಲ್ ನಗುತ್ತಲೇ ಗದರಿಸಿದ. "ಕತ್ತಿ ನನ್ನ ಕೈಲಿದ್ದಾಗ ಮಾತೂ ನಂದೇ. ನಿನಗೂ ಅದೇ ನಿಯಮ."

ಪೊಲೀಸಣ್ಣ ಬಾಯಿ ಮುಚ್ಚಿದರು. ಕುರ್ಚಿಯ ಕೈ ಹಿಡಿದಿದ್ದ ಅವರ ಬೆರಳುಗಳು ಬಿಳಿಚಿಕೊಂಡದ್ದು ನನಗೆ ಕಂಡಿತು. ಎದೆಯ ನೋವಿರಬೇಕು ಎಂದುಕೊಂಡೆ. ಅತ್ತಿಗೆ ದಿಂಬನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತುಬಿಟ್ಟಿದ್ದರು.

ಗಂಟಲು ಮುಗಿಯಿತು. ಮುಖ ತೊಳೆದು, ಪಟಿಕದ ಕಲ್ಲು ಸವರಿ, ಟವೆಲು ಒತ್ತಿ, ಇಂಟರ್ವಲ್ ಎದುರು ಬಂದು ನಿಂತ. ಪರೀಕ್ಷೆ ಬರೆದು ಬಂದ ಮಗುವಿನ ಹಾಗೆ, "ಹೇಗಿತ್ತಣ್ಣ?" ಎಂದ.

"ಚೆನ್ನಾಗಿ ಹೇಳ್ತೀಯ. ಅಮ್ಮ ಹೀಗೇ ಹೇಳ್ತಿದ್ಲು."

ಅವನು ಬ್ರಷ್ಷನ್ನು ಒರೆಸಿದ್ದನ್ನೇ ಒರೆಸಿದ.

"ಆ ಪೇದೆ ಆಮೇಲೆ ಏನಾಗ್ತಾನೆ?"

"ಮುಂದಿನ ವಾರ."

"ಅದೊಂದು ಈಗ್ಲೇ ಹೇಳಿಬಿಡೋ ಮಾರಾಯ."

"ಹೇಳಿದ್ರೆ ನನ್ನ ಹೆಸರಿಗೇ ಅವಮಾನ ಅಣ್ಣ!"

ಪೊಲೀಸಣ್ಣ ಕಿಟಕಿಯ ಕಡೆ ನೋಡಿದರು. "ಸರಿ. ಮುಂದಿನ ವಾರ ನಾನೂ ನಿಂಗೊಂದು ಹೇಳ್ತೀನಿ."

"ನೀನಾ? ಕಥೆನಾ? ಅತ್ತಿಗೆ, ಕೇಳಿದ್ರಾ? ಸೂರ್ಯ ಎಲ್ಲಿ ಹುಟ್ಟಿದ್ದಾನೆ ನೋಡಿ ಇವತ್ತು!" ಎಂದು ನಕ್ಕ. ಅವನೊಬ್ಬನೇ ನಕ್ಕದ್ದು.

ಮೆಟ್ಟಿಲು ಇಳಿಯುವಾಗ ನನ್ನ ಬಳಿ ಗುಟ್ಟು ಬಿಚ್ಚಿದ. "ಅಕ್ಕ, ಯಾರಿಗೂ ಹೇಳ್ಬೇಡಿ. ಆ ಪೇದೆ ಸೆಕೆಂಡ್ ಹಾಫಲ್ಲಿ ಬರೋದೇ ಇಲ್ಲ. ಡ್ರೈವರ್ ಸತ್ತ, ಇನ್‌ಸ್ಪೆಕ್ಟರ್ ಸೇಡು ತೀರಿಸ್ಕೊಂಡ, ಅಷ್ಟೇ. ಪೇದೆ ಬದುಕಿದ್ನಾ, ಜೈಲಿಗೆ ಹೋದ್ನಾ, ಏನೂ ಇಲ್ಲ. ಸಿನಿಮಾದವರು ಮರೆತೇಬಿಟ್ಟಿದ್ದಾರೆ. ಇಷ್ಟು ಜನ ಗಿರಾಕಿಗಳು ಕೇಳಿದ್ದಾರಲ್ಲ, ಒಬ್ಬರಿಗೂ ಅವನ ನೆನಪಾಗಿರ್ಲಿಲ್ಲ. ಅಣ್ಣನೇ ಮೊದಲು ಕೇಳಿದ್ದು. ಅದಕ್ಕೇ ವಾಯಿದೆ ತಗೊಂಡೆ. ಏನಾದ್ರೂ ಚೆನ್ನಾಗಿ ಕಟ್ಬೇಕು."

ನಿಜ, ನನಗೂ ನೆನಪಾಗಿರಲಿಲ್ಲ. ಕಥೆ ಅಷ್ಟು ಜೋರಾಗಿ ಓಡುತ್ತಿತ್ತು. ಗೇಟು ತೆರೆದ ಕೂಡಲೇ ನಾವೆಲ್ಲ ಕಾರಿನ ಹಿಂದೆ ಒಳಗೆ ಓಡಿದ್ದೆವು. ಗೇಟಿನಲ್ಲಿ ನಿಂತವನನ್ನು ಅಲ್ಲೇ ಬಿಟ್ಟು.

ಆ ವಾರ ಮುಗಿಯುವ ಮೊದಲೇ ಪೊಲೀಸಣ್ಣನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಕೆಲವರಿಗೆ ಮಾತು ತಿರುಗಿ ಬರುತ್ತದೆ, ಕೆಲವರಿಗಿಲ್ಲ, ಕಾದು ನೋಡಿ ಎಂದು ಡಾಕ್ಟರು ಹೇಳಿ ಕಳಿಸಿದರು.

ಅವರನ್ನು ಮನೆಗೆ ತಂದು ಮಲಗಿಸಿದ ದಿನ ಅತ್ತಿಗೆ ಅಡುಗೆಮನೆಯಲ್ಲಿ ಟೀಗೆ ನೀರಿಟ್ಟು, ಒಲೆ ಹಚ್ಚುವುದನ್ನು ಮರೆತು ನಿಂತಿದ್ದರು. ನಾನು ಹಚ್ಚಿದೆ. ಇಂಟರ್ವಲ್ ಬಾಗಿಲಿಗೆ ಒರಗಿದ್ದ. ಅತ್ತಿಗೆ ಅವನನ್ನು ನೋಡದೆ ಮಾತಾಡಿದರು.

"ನಿನ್ನ ಅಣ್ಣ ಆವತ್ತು ಗೇಟಲ್ಲಿ ನಿಂತಿದ್ರು ಕಣಪ್ಪ."

"ಯಾವತ್ತು ಅತ್ತಿಗೆ?"

"ಗೋದಾಮಿಗೆ ಹಾಕಿದ್ರಲ್ಲ, ಅದಕ್ಕೆ ಮುಂಚೆ. ಸಾಕ್ಷಿ ಹೇಳೋಕೆ ಒಪ್ಪಿದ್ದ ಯಾರೋ ಒಬ್ಬನ್ನ ಠಾಣೆಯಲ್ಲಿ ಇಟ್ಟಿದ್ರಂತೆ. ಒಂದು ಜೀಪು ಬಂತಂತೆ. ಇವ್ರು ಗೇಟು ತೆಗೆದ್ರಂತೆ. ಆ ಮನುಷ್ಯ ಮತ್ತೆ ಜೀವಂತ ಸಿಗ್ಲಿಲ್ಲ. ನನಗೆ ಹೇಳಿದ್ದು ಇಷ್ಟೇ. ಜೀಪಲ್ಲಿ ಯಾರಿದ್ರು, ಯಾಕೆ ತೆಗೆದ್ರು, ಹೇಳ್ಲಿಲ್ಲ. ಕೇಳ್ಬೇಡ ಅಂದ್ರು. ನಾನು ಕೇಳ್ಲಿಲ್ಲ."

ಇಂಟರ್ವಲ್ ಬಾಗಿಲು ಬಿಟ್ಟು ಒಳಗೆ ಬಂದ.

"ನೀನು ಕಥೆ ಹೇಳಿ ಹೋದ್ಯಲ್ಲ, ಆವತ್ತು ಊಟಕ್ಕೆ ಕೂತಾಗ ಅಂದ್ರು: 'ಅವನು ಬರ್ಲಿ, ಅವನಿಗೆ ಎಲ್ಲಾ ಹೇಳಿಬಿಡ್ತೀನಿ. ಅವನಿಗೆ ಆ ಪೇದೆ ಮೇಲೆ ಸಿಟ್ಟಿಲ್ಲ, ಪಾಪ ಅಂದ' ಅಂತ. ನಾಲ್ಕು ದಿನ ಅದನ್ನೇ ಮನಸ್ಸಲ್ಲಿ ಜೋಡಿಸ್ಕೊಳ್ತಿದ್ರು. ತುಟಿ ಅಲ್ಲಾಡ್ತಿತ್ತು. ಏನ್ರೀ ಅಂದ್ರೆ, 'ನಿಂಗಲ್ಲ ಕಣೇ' ಅಂತಿದ್ರು."

"ಹೇಳೋಕೆ ಬಾಯಿ ತೆಗೆದಿದ್ದ ಅತ್ತಿಗೆ," ಎಂದ ಇಂಟರ್ವಲ್. "ನನ್ನ ಮುಂದೇ ತೆಗೆದಿದ್ದ. ನಾನೇ…" ಟೀ ಕುಡಿಯದೆ ಮೆಟ್ಟಿಲಿಳಿದು ಹೋದ.

ರಜೆಯ ದಿನ ಎಂದಿನಂತೆ ಪೆಟ್ಟಿಗೆ ಹಿಡಿದು ಬಂದ. ನಾನು ಹಾಸಿಗೆಯ ಬಟ್ಟೆ ಬದಲಾಯಿಸಲು ಅತ್ತಿಗೆಗೆ ನೆರವಾಗಲು ಬಂದಿದ್ದೆ. ಅಣ್ಣನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಬಾಡಿದ ಅರ್ಧ ಮುಖಕ್ಕೂ ಗಟ್ಟಿಯಿದ್ದ ಅರ್ಧ ಮುಖಕ್ಕೂ ಒಂದೇ ಸಮ ನೊರೆ ಹಚ್ಚಿದ. ಯಾರೂ ಕೇಳದಿದ್ದರೂ ಕಥೆಯ ಉಳಿದ ಭಾಗ ಶುರು ಮಾಡಿದ. ಡ್ರೈವರ್ ಸತ್ತದ್ದನ್ನು ಒಂದೇ ಮಾತಿನಲ್ಲಿ ದಾಟಿಸಿದ. ಜನ ಕುರ್ಚಿಯ ತುದಿಗೆ ಬಂದು ಕೇಳುತ್ತಿದ್ದ ಆ ಬೆನ್ನಟ್ಟುವ ಓಟ, ಗೋಡೌನಿನ ಗುಂಡಿನ ಕಾಳಗ, ಎಲ್ಲವನ್ನೂ ಓಡಿಸಿದ. ಅವನು ಹೋಗಿ ಸೇರಬೇಕಾಗಿದ್ದ ಜಾಗ ಬೇರೆಯೇ ಇತ್ತು.

"ಎಲ್ಲಾ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಠಾಣೆಗೆ ಬರ್ತಾನೆ ಅಣ್ಣ. ಪೇದೆ ಅಲ್ಲೇ ಗೇಟಲ್ಲಿ ನಿಂತಿದ್ದಾನೆ. ಇನ್‌ಸ್ಪೆಕ್ಟರ್ ಅವನ ಹೆಗಲ ಮೇಲೆ ಕೈ ಇಡ್ತಾನೆ. 'ನಿನ್ನ ತಪ್ಪಿಲ್ಲ. ನಿನ್ನ ಜಾಗದಲ್ಲಿ ನಾನಿದ್ರೂ ತೆಗೀತಿದ್ದೆ' ಅಂತಾನೆ. ಪೇದೆ ಸೆಲ್ಯೂಟ್ ಹೊಡೀತಾನೆ. ಇನ್‌ಸ್ಪೆಕ್ಟರೂ ಅವನಿಗೆ ಸೆಲ್ಯೂಟ್…"

ಪೊಲೀಸಣ್ಣ ಎಡಗೈ ಎತ್ತಿದರು. ಅದು ನಿಧಾನಕ್ಕೆ ಬಂದು ತಮ್ಮನ ತುಟಿಯ ಮೇಲೆ ಕೂತಿತು. ಬೆರಳಿಗೆ ನೊರೆ ಮೆತ್ತಿಕೊಂಡಿತ್ತು.

ಇಂಟರ್ವಲ್ ಕತ್ತಿಯನ್ನು ಮಡಿಸಿ ಪಕ್ಕಕ್ಕಿಟ್ಟು, ಕೈ ಬರಿದು ಮಾಡಿಕೊಂಡು, ಹಾಸಿಗೆಯ ಅಂಚಿನಲ್ಲಿ ಕೂತ. ಆಗ ಪೊಲೀಸಣ್ಣನ ಬಾಯಿಂದ ಸದ್ದು ಬರತೊಡಗಿತು. ಅದು ಮಾತಾಗಿರಲಿಲ್ಲ. ಆದರೆ ಮಾತಿನ ಏರಿಳಿತವಿತ್ತು; ಒಂದು ಕಡೆ ನಿಲ್ಲುತ್ತಿತ್ತು, ಒಂದು ಕಡೆ ಅವಸರವಾಗುತ್ತಿತ್ತು, ಒಂದು ಕಡೆ ಏನನ್ನೋ ಕೇಳುವ ಹಾಗಿತ್ತು. ಅವರು ಪೂರ್ತಿ ಹೇಳುತ್ತಿದ್ದರು. ಇಂಟರ್ವಲ್ ಕಿವಿಯನ್ನು ಅಣ್ಣನ ಬಾಯಿಗೆ ತಂದ. ಅವನ ಕೆನ್ನೆಗೆಲ್ಲ ನೊರೆ ಹತ್ತಿತು. ಕೊನೆಗೆ ತಾಳಲಾರದೆ, "ಹೂಂ ಅಣ್ಣ. ಹೂಂ. ಗೊತ್ತಾಯ್ತು" ಎಂದ.

ಸದ್ದು ನಿಂತಿತು. ಪೊಲೀಸಣ್ಣ ಅವನ ಮುಖವನ್ನೇ ನೋಡಿದರು. ಗೊತ್ತಾಗಿಲ್ಲವೆಂದು ಅವರಿಗೆ ಗೊತ್ತಾಯಿತು. ಬೈಯುವಂತಿರಲಿಲ್ಲ ಆ ನೋಟ. ಹಟ ಮಾಡುವ ಮಗುವಿಗೆ ಹೋಗಲಿ ಬಿಡು ಎನ್ನುವ ಹಾಗಿತ್ತು. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಮುಖದ ಮೇಲಿನ ನೊರೆ ಒಣಗಿ ಬಿರುಕು ಬಿಡುವವರೆಗೂ ಇಬ್ಬರೂ ಹಾಗೇ ಕೂತಿದ್ದರು.

ಅದಾದ ಮೇಲೆ ಇಂಟರ್ವಲ್ ದಿನವೂ ಹೋಗುತ್ತಿದ್ದ. ಗಡ್ಡ ಇರಲಿ ಬಿಡಲಿ, ಪಕ್ಕದಲ್ಲಿ ಬಾಯಿ ಮುಚ್ಚಿ ಕೂತು ಕಾಯುತ್ತಿದ್ದ. ಪೊಲೀಸಣ್ಣ ನೀರು ಬೇಕೆಂದು ಸನ್ನೆ ಮಾಡುತ್ತಿದ್ದರು, ಕಿಟಕಿ ತೆಗೆಯೆಂದು ತೋರಿಸುತ್ತಿದ್ದರು. ಆ ಉದ್ದದ ಸದ್ದನ್ನು ಮಾತ್ರ ಮತ್ತೆ ಮಾಡಲಿಲ್ಲ. ಚಳಿಗಾಲ ಮುಗಿಯುವಾಗ ತೀರಿಕೊಂಡರು. ಕೊನೆಯ ಸಲ ಮುಖ ಶುಚಿ ಮಾಡಿದವನೂ ತಮ್ಮನೇ.

ಸೆಲೂನು ಮತ್ತೆ ತೆರೆದ ಮೇಲೆ ಹಲಗೆಯ ಆ ಕಡೆ ಸದ್ದಡಗಿತು. ಹೊಸ ಸಿನಿಮಾಗಳು ಬಂದವು. ಅವನು ಬೀಗ ಹಾಕಿ ಹೋಗಲಿಲ್ಲ. ಒಂದು ಸಂಜೆ ನಾನೇ ಆ ಕಡೆ ಹೋಗಿ, "ಮನಸ್ಸಿಗೆ ಅಷ್ಟು ಹಚ್ಕೋಬೇಡಪ್ಪ. ನಿನ್ನ ಅಣ್ಣ ಗೇಟು ಯಾಕೆ ತೆಗೆದ್ರು ಅಂತ ದೇವರಿಗೆ ಗೊತ್ತಿದೆ" ಎಂದೆ.

ಅವನು ಕುರ್ಚಿ ಒರೆಸುತ್ತಿದ್ದ. "ದೇವರಿಗೆ ಗೊತ್ತು ಅಕ್ಕ. ಅಣ್ಣ ಹೇಳ್ಬೇಕು ಅಂತಿದ್ದಿದ್ದು ನನಗೆ."

ನಾನು ಹಲಗೆಯ ಈ ಕಡೆಗೆ ಬಂದು ಮಷಿನಿಗೆ ಬಟ್ಟೆ ಮುಚ್ಚಿದೆ. ಆ ದಿನದ ಪ್ರಾರ್ಥನೆಯಲ್ಲೂ ಅವನ ಆ ಮಾತೇ ಕಿವಿಯಲ್ಲಿತ್ತು.

ಮೊನ್ನೆ ಬ್ಯಾಂಕಿನ ಗುಮಾಸ್ತರು ಒಬ್ಬ ಹೊಸ ನೌಕರನನ್ನು ಕರೆದುಕೊಂಡು ಬಂದರು. "ಇವನಿಗೆ ಆ ಡ್ರೈವರ್ ಕಥೆ ಹೇಳೋ. ನಿನ್ನ ಬಾಯಲ್ಲಿ ಕೇಳ್ಬೇಕು ಅಂತ ಬಂದಿದ್ದಾನೆ. ಬೇಡ ಅನ್ಬೇಡ," ಎಂದರು. ಇಂಟರ್ವಲ್ ಕತ್ತಿ ಮಸೆಯುವ ಸದ್ದು ಕೇಳಿಸಿತು. ಆಮೇಲೆ ನಿಧಾನಕ್ಕೆ ಶುರು ಮಾಡಿದ. ನಾನು ಮಷಿನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದೆ. ಅದೇ ರೌಡಿ, ಅದೇ ಸುಳ್ಳು ಫೋನು, ದೀಪವಿಲ್ಲದ ಅದೇ ಕಾರು. ಆದರೆ ಅವಸರವಿರಲಿಲ್ಲ. ಪೇದೆ ಬಗ್ಗಿ ನೋಡಿದ. ತಿರುಗಿ ಠಾಣೆಯ ಕಡೆ ನೋಡಿದ. ಗೇಟು ತೆಗೆದ. ಅಲ್ಲಿಗೆ ಕತ್ತಿಯ ಸದ್ದೂ ನಿಂತಿತು.

"ಯಾಕೆ ತೆಗೆದ ಅವನು?" ಎಂದು ಹೊಸಬ ಕೇಳಿದ. ಶೇವಿಂಗ್ ಮುಗಿಯುವ ಮೊದಲೇ ಕೇಳಿದ, ಆದರೂ ಇಂಟರ್ವಲ್ ಗದರಿಸಲಿಲ್ಲ.

"ಗೊತ್ತಿಲ್ಲ," ಎಂದ. "ನಾನು ಕೇಳ್ಲಿಲ್ಲ."

"ಹಹ್ಹಾ! ನೋಡಿದ್ಯಾ?" ಎಂದು ಗುಮಾಸ್ತರು ಬೆಂಚಿನ ಮೇಲೆ ಕೈ ಬಡಿದು ನಕ್ಕರು. "ಹೇಳಿರ್ಲಿಲ್ವಾ ನಾನು? ಸಸ್ಪೆನ್ಸ್ ಇಡೋದ್ರಲ್ಲಿ ಇವನನ್ನ ಬಿಟ್ರೆ ಇಲ್ಲ. ಮುಂದಿನ ಶೇವಿಂಗ್‌ಗೆ ಬಾ, ಹೇಳ್ತಾನೆ."

ಇಂಟರ್ವಲ್ ಟವೆಲು ಕೊಡವಿದ ಸದ್ದಷ್ಟೇ ನನಗೆ ಕೇಳಿಸಿತು.